ಅರ್ಧ ನಿಮ್ಮದು, ಅರ್ಧ ನಮ್ಮದು: ಯುರೋಪಿನ ಎಸ್ಪ್ರಿ ಕಾರ್ಯಕ್ರಮ ನಡೆದು ಬಂದ ದಾರಿ

1984ರ ಫೆಬ್ರವರಿ 28ರಂದು ಯುರೋಪಿಯನ್ ಸಮುದಾಯದ ಸಚಿವರ ಮಂಡಳಿ ಎಸ್ಪ್ರಿ ಎಂಬ ಕಾರ್ಯಕ್ರಮಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಮಾಹಿತಿ ತಂತ್ರಜ್ಞಾನದ ಸಂಶೋಧನೆಗೆ ಐದು ವರ್ಷಗಳಲ್ಲಿ 150 ಕೋಟಿ ಎಕ್ಯು ಖರ್ಚು ಮಾಡುವುದೆಂದು ತೀರ್ಮಾನವಾಯಿತು. ಅದರಲ್ಲಿ 75 ಕೋಟಿ ಸಮುದಾಯದ ಬೊಕ್ಕಸದಿಂದ ಬರಬೇಕು, ಉಳಿದ 75 ಕೋಟಿಯನ್ನು ಭಾಗವಹಿಸುವ ಕಂಪನಿಗಳೇ ಹಾಕಬೇಕು. ಎಕ್ಯು ಎಂಬುದು ಯೂರೊ ಬರುವ ಮುಂಚೆ ಸಮುದಾಯದ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿದ್ದ ಹಣ. 1999ರಲ್ಲಿ ಒಂದಕ್ಕೊಂದರಂತೆ ಅದೇ ಯೂರೊ ಆಯಿತು. ಹತ್ತು ದೇಶಗಳ ಒಕ್ಕೂಟಕ್ಕೆ ಇದು ಭಾರೀ ಮೊತ್ತವೇನೂ ಆಗಿರಲಿಲ್ಲ. ಐಬಿಎಂ ಒಂದೇ ಕಂಪನಿ ಆ ದಿನಗಳಲ್ಲಿ ಒಂದು ವರ್ಷಕ್ಕೆ ಇದಕ್ಕಿಂತ ಹೆಚ್ಚು ಹಣವನ್ನು ಸಂಶೋಧನೆ ಮತ್ತು ಅಭಿವೃದ್ಧಿಗೆ ಹಾಕುತ್ತಿತ್ತು. ಮೊತ್ತ ಸಣ್ಣದಾದರೂ ಅದರ ಬೆನ್ನಿಗಿದ್ದ ಷರತ್ತು ದೊಡ್ಡದು. ನಲವತ್ತು ವರ್ಷ ದಾಟಿದ ಮೇಲೆ ನೆನೆಯಬೇಕಾದದ್ದು ಮುಖ್ಯವಾಗಿ ಆ ಷರತ್ತನ್ನೇ ಎಂದು ನಾನು ನಂಬಿದ್ದೇನೆ.

ಅದಕ್ಕೂ ಹಿಂದಿನ ಇಪ್ಪತ್ತು ವರ್ಷ ಯುರೋಪಿನ ಸರ್ಕಾರಗಳು ಕಂಪ್ಯೂಟರಿಗೆ ಹಣ ಕೊಟ್ಟಿರಲಿಲ್ಲವೆಂದಲ್ಲ. ಧಾರಾಳವಾಗಿಯೇ ಕೊಟ್ಟಿದ್ದವು, ಆದರೆ ತಮ್ಮ ತಮ್ಮ ಮನೆಯ ಮಕ್ಕಳಿಗೆ ಮಾತ್ರ. ಫ್ರಾನ್ಸಿನ ಬುಲ್ ಕಂಪನಿ 1964ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪಾಲಾದಾಗ ಪ್ಯಾರಿಸ್ಸಿನಲ್ಲಿ ದೊಡ್ಡ ಗುಲ್ಲೆದ್ದಿತು. ಎರಡೇ ವರ್ಷಗಳಲ್ಲಿ ದ ಗಾಲ್ ಸರ್ಕಾರ ‘ಪ್ಲಾನ್ ಕಾಲ್ಕ್ಯುಲ್’ ಎಂಬ ರಾಷ್ಟ್ರೀಯ ಯೋಜನೆ ಹಾಕಿ, ಸಿಐಐ ಎಂಬ ಕಂಪನಿಯನ್ನೂ 1967ರಲ್ಲಿ ಇರಿಯಾ ಎಂಬ ಸಂಶೋಧನಾ ಸಂಸ್ಥೆಯನ್ನೂ ಕಟ್ಟಿತು. ಇಂದು ಇನ್ರಿಯಾ ಎಂದು ಹೆಸರಾಗಿರುವುದು ಅದೇ ಸಂಸ್ಥೆ. ಬ್ರಿಟನ್ ತನ್ನ ಕಂಪನಿಗಳನ್ನು ಒಂದುಗೂಡಿಸಿ 1968ರಲ್ಲಿ ಐಸಿಎಲ್ ಮಾಡಿತು. ಜರ್ಮನಿ ಸೀಮೆನ್ಸ್ ಬೆನ್ನಿಗೆ ನಿಂತಿತು. ದೇಶದೇಶಗಳು ಕೈಜೋಡಿಸಿದ ಒಂದೇ ದೊಡ್ಡ ಪ್ರಯತ್ನ ಯೂನಿಡೇಟಾ. ಸಿಐಐ, ಸೀಮೆನ್ಸ್, ಫಿಲಿಪ್ಸ್ ಸೇರಿ 1973ರಲ್ಲಿ ಕಟ್ಟಿದ ಈ ಕೂಟ 1975ರಲ್ಲಿ ಮುರಿದುಬಿತ್ತು. ಫ್ರಾನ್ಸ್ ತನ್ನ ಸಿಐಐಯನ್ನು ಹನಿವೆಲ್-ಬುಲ್ ಜೊತೆ ಸೇರಿಸಿಬಿಟ್ಟಿತ್ತು. ಆ ನೋವು ಬಹುಕಾಲ ಉಳಿಯಿತು. ಹೀಗೆ ಬೇರೆ ಬೇರೆಯಾಗಿ ಸಾಕಿದ ಕಂಪನಿಗಳು ಹೊರಗಿನ ಪೈಪೋಟಿಗೆ ನಿಲ್ಲಲಿಲ್ಲ. ಎಪ್ಪತ್ತರ ದಶಕದ ನಡುವೆ ಮಾಹಿತಿ ತಂತ್ರಜ್ಞಾನದ ವ್ಯಾಪಾರದಲ್ಲಿ ಉಳಿಕೆ ಕಾಣುತ್ತಿದ್ದ ಸಮುದಾಯ, 1982ರ ಹೊತ್ತಿಗೆ ಸುಮಾರು 1,000 ಕೋಟಿ ಡಾಲರ್ ಕೊರತೆಗೆ ಬಿದ್ದಿತ್ತು.

ಅದರ ಮೇಲೆ ಜಪಾನಿನಿಂದ ಸುದ್ದಿ ಬಂತು. 1976ರಿಂದ 1980ರವರೆಗೆ ಅಲ್ಲಿನ ಸರ್ಕಾರ ತನ್ನ ಪೈಪೋಟಿಯ ಕಂಪನಿಗಳನ್ನೇ ಒಂದು ಪ್ರಯೋಗಾಲಯದಲ್ಲಿ ಕೂರಿಸಿ ಚಿಪ್ ತಯಾರಿಕೆಯ ಮೂಲ ವಿದ್ಯೆ ಕಲಿಸಿತ್ತು. 1981ರ ಅಕ್ಟೋಬರಿನಲ್ಲಿ ‘ಐದನೇ ಪೀಳಿಗೆ’ಯ ಕಂಪ್ಯೂಟರ್ ಕಟ್ಟುತ್ತೇವೆಂದು ಟೋಕಿಯೊದಲ್ಲಿ ಜಗತ್ತಿಗೇ ಸಾರಿತು. ಬ್ರಿಟನ್ ಗಾಬರಿಯಿಂದ ಜಾನ್ ಆಲ್ವಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಕೂರಿಸಿ, 1983ರಲ್ಲಿ 35 ಕೋಟಿ ಪೌಂಡಿನ ತನ್ನದೇ ಕಾರ್ಯಕ್ರಮ ಹೊರಡಿಸಿತು.

ಬ್ರಸೆಲ್ಸ್‌ನಲ್ಲಿ ಈ ಬೆಳವಣಿಗೆಗಳನ್ನು ಗಮನಿಸುತ್ತಿದ್ದವರು ಎತಿಯನ್ ದಾವಿನ್ಯೋ. ಬೆಲ್ಜಿಯಂನ ಈ ರಾಜತಾಂತ್ರಿಕರು ಆಗ ಯುರೋಪಿಯನ್ ಆಯೋಗದಲ್ಲಿ ಕೈಗಾರಿಕೆಯ ಹೊಣೆ ಹೊತ್ತಿದ್ದರು. ಮುಳುಗುತ್ತಿದ್ದ ಉಕ್ಕಿನ ಉದ್ಯಮಕ್ಕೆ ಉತ್ಪಾದನೆಯ ಮಿತಿ ಹಾಕಿ, ಕಾರ್ಖಾನೆ ಮುಚ್ಚಿಸಿ, ಎಲ್ಲ ಕಡೆಯಿಂದ ಬೈಸಿಕೊಂಡಿದ್ದವರು. ಉದ್ಯಮ ಕುಸಿದ ಮೇಲೆ ಅದನ್ನು ಸಂಭಾಳಿಸುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಕಂಪ್ಯೂಟರ್ ಉದ್ಯಮ ಕುಸಿಯುವ ಮುಂಚೆಯೇ ಏನಾದರೂ ಮಾಡಬೇಕೆಂದು ಹೊರಟರು. ಅಧಿಕಾರಿಗಳ ಸಮಿತಿ ಮಾಡಿ ವರದಿ ತರಿಸಿಕೊಳ್ಳುವ ಬದಲು ಅವರು ಹನ್ನೆರಡು ಕಂಪನಿಗಳ ಮುಖ್ಯಸ್ಥರನ್ನೇ ಮಾತುಕತೆಗೆ ಕರೆದರು. ಬ್ರಿಟನ್ನಿನಿಂದ ಐಸಿಎಲ್, ಜಿಇಸಿ, ಪ್ಲೆಸಿ, ಜರ್ಮನಿಯಿಂದ ಸೀಮೆನ್ಸ್, ನಿಕ್ಸ್‌ಡಾರ್ಫ್, ಎಇಜಿ, ಫ್ರಾನ್ಸಿನಿಂದ ಬುಲ್, ಥಾಮ್ಸನ್, ಸಿಜಿಇ, ಇಟಲಿಯಿಂದ ಒಲಿವೆಟ್ಟಿ ಮತ್ತು ಸ್ಟೆಟ್, ನೆದರ್ಲೆಂಡ್ಸಿನಿಂದ ಫಿಲಿಪ್ಸ್. ಒಬ್ಬರ ಮಾರುಕಟ್ಟೆಗೆ ಒಬ್ಬರು ಕಾಲಿಡದಂತೆ ಕಾದುಕೊಂಡಿದ್ದ ಈ ಹನ್ನೆರಡು ಮಂದಿಯನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದೇ ದಾವಿನ್ಯೋ ಅವರ ಮೊದಲ ಗೆಲುವು.

ಷರತ್ತು ರೂಪುಗೊಂಡದ್ದು ಆ ಮಾತುಕತೆಗಳಲ್ಲಿ. ಒಂದು ಯೋಜನೆಗೆ ಹಣ ಬೇಕಾದರೆ ಕನಿಷ್ಠ ಎರಡು ಕಂಪನಿಗಳು ಜೊತೆಗೂಡಿ ಅರ್ಜಿ ಹಾಕಬೇಕು, ಆ ಎರಡೂ ಒಂದೇ ದೇಶದವಾಗಿರಕೂಡದು. ಖರ್ಚಿನಲ್ಲಿ ಅರ್ಧವನ್ನು ಅವರೇ ಭರಿಸಬೇಕು. ವಿಶ್ವವಿದ್ಯಾಲಯಗಳಿಗೆ ಮಾತ್ರ ರಿಯಾಯಿತಿ, ಯೋಜನೆಗಾಗಿ ಅವುಗಳಿಗೆ ತಗಲುವ ಹೆಚ್ಚುವರಿ ಖರ್ಚು ಪೂರ್ತಿ ಸಿಗುತ್ತಿತ್ತು. ಕೆಲಸ ಮಾರುಕಟ್ಟೆಗೆ ಬರುವ ಸರಕಿನ ಹಿಂದಿನ ಹಂತದ್ದಾಗಿರಬೇಕು. ಅಂದರೆ ಪೈಪೋಟಿ ಶುರುವಾಗುವ ಮುಂಚಿನದು. ಫಲಿತಾಂಶವನ್ನು ಪಾಲುದಾರರು ಹಂಚಿಕೊಳ್ಳಬೇಕು. ಈ ಪೈಕಿ ಕೆಲವು ಕಾನೂನಿನ ಒತ್ತಾಯಕ್ಕೆ ಬಂದವು, ಏಕೆಂದರೆ ಕಂಪನಿಗಳ ಒಳಒಪ್ಪಂದವನ್ನು ಸಮುದಾಯದ ಸ್ಪರ್ಧಾ ನಿಯಮ ಒಪ್ಪುತ್ತಿರಲಿಲ್ಲ. ಆದರೆ ಎರಡು ದೇಶದ ಕಟ್ಟಳೆಯ ಹಿಂದಿದ್ದದ್ದು ಯೂನಿಡೇಟಾದ ಪಾಠ. ಕಂಪನಿಗಳನ್ನು ಬೆಸೆಯಲು ಹೋದರೆ ಸರ್ಕಾರಗಳು ಅಡ್ಡ ಬರುತ್ತವೆ. ಎಂಜಿನಿಯರುಗಳನ್ನು ಜೊತೆಗೆ ಕೂರಿಸಿದರೆ ಯಾರೂ ಅಡ್ಡ ಬರುವುದಿಲ್ಲ.

1983ರಲ್ಲಿ ಪ್ರಾಯೋಗಿಕ ಹಂತ ನಡೆಯಿತು. ಸಮುದಾಯ ಕೊಟ್ಟದ್ದು 1.15 ಕೋಟಿ ಎಕ್ಯು, ಆಯ್ಕೆಯಾದ ಯೋಜನೆಗಳು 38. ದೊಡ್ಡ ಕಾರ್ಯಕ್ರಮದ ಹಣಕ್ಕೆ ಬ್ರಿಟನ್ ಮತ್ತು ಜರ್ಮನಿ ಕೆಲಕಾಲ ಒಪ್ಪದೆ ಎಳೆದಾಡಿದವು. ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಭರದಿಂದ ಸಾಗಿತು. ಮಿಶೆಲ್ ಕಾರ್ಪಾಂತಿಯೆ ಅವರ ಆಡಳಿತದಲ್ಲಿ, ಸ್ವತಃ ಕಂಪ್ಯೂಟರ್ ವಿಜ್ಞಾನಿಯಾದ ಜ್ಯಾಂ-ಮರಿ ಕಾದಿಯು ಅವರ ನಿರ್ದೇಶನದಲ್ಲಿ, ಮೊದಲ ಹಂತದಲ್ಲೇ ಇನ್ನೂರಕ್ಕೂ ಹೆಚ್ಚು ಯೋಜನೆಗಳು ನಡೆದವು. ಸುಮಾರು 3,000 ಸಂಶೋಧಕರು ದುಡಿದರು. ಚಿಪ್ ವಿದ್ಯೆ, ಸಾಫ್ಟ್‌ವೇರ್, ಮಾಹಿತಿ ಸಂಸ್ಕರಣೆ, ಕಚೇರಿ ವ್ಯವಸ್ಥೆ, ಕಂಪ್ಯೂಟರ್ ಆಧಾರಿತ ತಯಾರಿಕೆ ಎಂಬ ಐದು ವಿಭಾಗಗಳಿದ್ದವು. ಪ್ರತಿವರ್ಷ ಬ್ರಸೆಲ್ಸ್‌ನಲ್ಲಿ ಎಸ್ಪ್ರಿ ಸಮ್ಮೇಳನ ಸೇರುತ್ತಿತ್ತು. 1985ರಲ್ಲೇ ಪಾನೆನ್‌ಬೋರ್ಗ್ ಅವರ ಅಧ್ಯಕ್ಷತೆಯಲ್ಲಿ ಹೊರಗಿನವರಿಂದ ನಡುಗಾಲದ ಪರಿಶೀಲನೆಯೂ ಆಯಿತು. ಸರ್ಕಾರಿ ಹಣ ಪಡೆದ ಕಾರ್ಯಕ್ರಮವೊಂದು ಎರಡನೇ ವರ್ಷದಲ್ಲೇ ತನ್ನ ಕಡತಗಳನ್ನು ಹೊರಗಿನವರ ಮುಂದೆ ತೆರೆದಿಟ್ಟದ್ದು ಇಂದಿಗೂ ಮೆಚ್ಚಬೇಕಾದ ಸಂಗತಿ.

ಎಸ್ಪ್ರಿ ಯೋಜನೆಗಳಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುವುದು 563ನೇ ಸಂಖ್ಯೆಯ ಯೋಜನೆಯ ಬಳಿ. ಅದರ ಹೆಸರು ಪೀಕಾ. ಬ್ರಿಟಿಷ್ ಟೆಲಿಕಾಂನ ಗ್ರಹಾಂ ಹಡ್ಸನ್ ಅವರ ಮುಂದಾಳತ್ವದಲ್ಲಿ, ಫ್ರಾನ್ಸಿನ ಸಿಸಿಇಟಿಟಿ ಪ್ರಯೋಗಾಲಯ, ಡೆನ್ಮಾರ್ಕಿನ ಕೆಟಿಎಎಸ್ ದೂರವಾಣಿ ಕಂಪನಿ ಮೊದಲಾದವು ಸೇರಿ ಹಿಡಿದ ಕೆಲಸ ಅದು. ಬಣ್ಣದ ಫೋಟೊವನ್ನು ದೂರವಾಣಿ ತಂತಿಯಲ್ಲಿ ಕಳುಹಿಸುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಕಷ್ಟ ಎಲ್ಲಿತ್ತೆಂದು ಲೆಕ್ಕ ಹಾಕಿ ನೋಡಬಹುದು. ಪರೀಕ್ಷೆಗೆ ಇಟ್ಟುಕೊಂಡಿದ್ದ ಚಿತ್ರಗಳು ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳವು. ಒಂದು ಚುಕ್ಕೆಗೆ 16 ಬಿಟ್ ಎಂದರೆ ಒಂದು ಚಿತ್ರಕ್ಕೆ 66 ಲಕ್ಷಕ್ಕೂ ಮಿಕ್ಕಿ ಬಿಟ್‌ಗಳಾದವು. ಆಗಿನ ಡಿಜಿಟಲ್ ದೂರವಾಣಿ ತಂತಿ ಸೆಕೆಂಡಿಗೆ 64,000 ಬಿಟ್ ಸಾಗಿಸುತ್ತಿತ್ತು. ಒಂದು ಫೋಟೊ ಪರದೆಯ ಮೇಲೆ ಪೂರ್ತಿ ಮೂಡಲು ಒಂದೂಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಚುಕ್ಕೆಗೆ ಸರಾಸರಿ ಮುಕ್ಕಾಲು ಬಿಟ್‌ಗೆ ಇಳಿಸಿದರೆ ಅದೇ ಚಿತ್ರ ಐದು ಸೆಕೆಂಡಿನೊಳಗೆ ಬರುತ್ತದೆ. ಅಷ್ಟು ಹಿಂಡಿದ ಮೇಲೂ ಮುಖ ಮುಖದಂತೆ, ಬಟ್ಟೆ ಬಟ್ಟೆಯಂತೆ ಕಾಣಬೇಕು.

ಅವರು ಕೈಗೆತ್ತಿಕೊಂಡ ಗಣಿತದ ಉಪಾಯ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಪುಟ್ಟ ಚೌಕಗಳಾಗಿ ಕತ್ತರಿಸಬೇಕು. ಪ್ರತಿ ಚೌಕದ 64 ಚುಕ್ಕೆಗಳ ಬದಲು 64 ಅಲೆಗಳ ಪ್ರಮಾಣವನ್ನು ಬರೆದುಕೊಳ್ಳಬೇಕು. ನಿಧಾನವಾಗಿ ಏರಿಳಿಯುವ ಅಲೆಗಳಲ್ಲೇ ಚಿತ್ರದ ಬಹುಪಾಲು ಇರುತ್ತದೆ. ಸರಸರನೆ ಬದಲಾಗುವ ಅಲೆಗಳಲ್ಲಿ ಸಣ್ಣ ತಪ್ಪಾದರೆ ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅವನ್ನು ಒರಟಾಗಿ ದುಂಡು ಮಾಡಿದರೆ ಹೆಚ್ಚಿನವು ಸೊನ್ನೆಯಾಗುತ್ತವೆ, ಸೊನ್ನೆಗಳ ಸಾಲನ್ನು ಚುಟುಕಾಗಿ ಬರೆಯಬಹುದು.

ಈ ಉಪಾಯವನ್ನು ಕಂಡುಕೊಂಡವರು ನಸೀರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದಿದ್ದು ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಯುವಿಸಿಇಯಲ್ಲಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಈ ವಿಷಯದ ಮೇಲೆ ಕೆಲಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅನುದಾನದ ಅರ್ಜಿ ಹಾಕಿದರು. ವಿಷಯ ತೀರಾ ಸರಳವಾಯಿತೆಂಬ ಅಭಿಪ್ರಾಯದೊಂದಿಗೆ ಅರ್ಜಿ ತಿರಸ್ಕೃತವಾಯಿತು. ಅಹ್ಮದ್ ಬಿಡಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಸಂಬಳವಿಲ್ಲದೆ ಕೂತು ಕೆಲಸ ಮುಗಿಸಿದರು. ತಮ್ಮ ವಿದ್ಯಾರ್ಥಿ ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆಗೂಡಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು.

ಪ್ರಪಂಚಕ್ಕೆಲ್ಲ ಒಂದೇ ಚಿತ್ರಪದ್ಧತಿ ಬೇಕೆಂದು ಕೂಡಿದ್ದ ಜೆಪೆಗ್ ಸಮಿತಿಯ ಮುಂದೆ 1987ರಲ್ಲಿ ಹನ್ನೆರಡು ಪ್ರಸ್ತಾವಗಳಿದ್ದವು. ಯಾವುದು ಯಾರದೆಂದು ತಿಳಿಸದೆ ಚಿತ್ರಗಳನ್ನು ತೋರಿಸಿ ಅಂಕ ಹಾಕಿಸಿದಾಗ ಉಳಿದದ್ದು ಮೂರು. 1988ರ ಜನವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ಆ ಮೂರರ ನಡುವೆ ಇನ್ನೂ ಕಠಿಣವಾದ ಪರೀಕ್ಷೆ ನಡೆಯಿತು. ಪೀಕಾ ತಂಡದ ಪದ್ಧತಿಯೇ ಉತ್ತಮವೆಂದು ತೀರ್ಪಾಯಿತು. ತಿದ್ದುಪಡಿಗಳಾಗಿ 1992ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಇಂದು ಮದುವೆಯ ಫೋಟೊ, ಪಹಣಿಯ ಚಿತ್ರ, ಆಸ್ಪತ್ರೆಯ ವರದಿ ಏನೇ ಕಳುಹಿಸಿದರೂ ಕಡತದ ಹೆಸರಿನ ಕೊನೆಗೆ ಬರುವ ಆ ಮೂರಕ್ಷರ ಇದರದೇ. ಬೆಂಗಳೂರಿನ ಹುಡುಗನೊಬ್ಬನ ಯೋಚನೆಗೆ ಒಂದು ಸರ್ಕಾರದ ಹಣ ಸಿಗಲಿಲ್ಲ. ಹದಿನಾಲ್ಕು ವರ್ಷದ ಮೇಲೆ ಹತ್ತಾರು ಸರ್ಕಾರಗಳ ಹಣ ಅದನ್ನು ಎಲ್ಲರ ಕೈಗೆ ಮುಟ್ಟಿಸಿತು. ಒಂದು ದೇಶದ ಒಂದು ಕಂಪನಿ ಅದೇ ಕೆಲಸವನ್ನು ಒಳಗೊಳಗೇ ಮಾಡಿದ್ದರೆ ಪೇಟೆಂಟ್ ಬೇಲಿಯೊಳಗೆ ಉಳಿದುಬಿಡುತ್ತಿತ್ತೇನೋ. ನಾಲ್ಕಾರು ದೇಶದವರು ಕೂಡಿ ಮಾಡಿದ್ದರಿಂದ ಅದು ಮಾನಕವಾಗುವ ದಾರಿ ಹಿಡಿಯಿತೆಂದು ನನಗನ್ನಿಸುತ್ತದೆ.

ಭಾರತಕ್ಕೆ ತಗಲಿಕೊಂಡ ಇನ್ನೊಂದು ಎಳೆಯಿದೆ. ಬ್ರಿಟಿಷ್ ಸರ್ಕಾರ 1978ರಲ್ಲಿ ತನ್ನ ರಾಷ್ಟ್ರೀಯ ಉದ್ಯಮ ಮಂಡಳಿಯ ಮೂಲಕ ಬ್ರಿಸ್ಟಲ್‌ನಲ್ಲಿ ಇನ್ಮಾಸ್ ಎಂಬ ಚಿಪ್ ಕಂಪನಿ ಹುಟ್ಟುಹಾಕಿತ್ತು. ಅದರ ಟ್ರಾನ್ಸ್‌ಪ್ಯೂಟರ್ ಒಂದು ಹೊಸ ಬಗೆಯ ಪ್ರೊಸೆಸರ್. ನಾಲ್ಕು ಕಡೆಯಿಂದ ನಾಲ್ಕು ಕೊಂಡಿಗಳಿದ್ದು, ಪಕ್ಕದ ಟ್ರಾನ್ಸ್‌ಪ್ಯೂಟರ್‌ಗಳ ಜೊತೆ ನೇರವಾಗಿ ಮಾತಾಡಬಲ್ಲದು. ಎಸ್ಪ್ರಿಯ 1085ನೇ ಯೋಜನೆಯಾದ ‘ಸೂಪರ್‌ನೋಡ್’ನಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ತಂಡಗಳು ಸೇರಿದವು. ದಶಾಂಶದ ಲೆಕ್ಕವನ್ನು ಚಿಪ್ಪಿನೊಳಗೇ ಮಾಡುವ ಟಿ800 ಮಾದರಿ ರೂಪುಗೊಂಡದ್ದು ಆ ಯೋಜನೆಯ ಆಸರೆಯಲ್ಲಿ. ಅದರ ಲೆಕ್ಕದ ಘಟಕ ತಪ್ಪಿಲ್ಲದೆ ನಡೆಯುತ್ತದೆಂದು ಆಕ್ಸ್‌ಫರ್ಡ್‌ನವರು ಗಣಿತದ ಸಾಧನೆಯಿಂದಲೇ ಖಚಿತಪಡಿಸಿದ್ದಕ್ಕೆ 1990ರಲ್ಲಿ ಬ್ರಿಟನ್ ರಾಣಿಯ ಪ್ರಶಸ್ತಿ ಬಂತು. ಇನ್ಮಾಸ್ ಮಾತ್ರ ವ್ಯಾಪಾರದಲ್ಲಿ ನಿಲ್ಲಲಿಲ್ಲ. ಅದೇ ಹೊತ್ತಿಗೆ ಅಮೆರಿಕದಿಂದ ಬೇಕಾದ ಸೂಪರ್‌ಕಂಪ್ಯೂಟರ್ ಸಿಗದೆ ಭಾರತ 1988ರಲ್ಲಿ ಪುಣೆಯಲ್ಲಿ ಸಿ-ಡಾಕ್ ಸ್ಥಾಪಿಸಿತು. ವಿಜಯ್ ಭಾಟ್ಕರ್ ಅವರ ತಂಡ 1991ರಲ್ಲಿ ಹೊರತಂದ ಪರಮ್ 8000 ಯಂತ್ರದ ಒಳಗೆ ಸಾಲುಗಟ್ಟಿ ಕೂತಿದ್ದದ್ದು ಇದೇ ಟಿ800 ವಂಶದ ಟ್ರಾನ್ಸ್‌ಪ್ಯೂಟರ್‌ಗಳು. ಬ್ರಸೆಲ್ಸ್‌ನ ಯಾವ ವರದಿಯಲ್ಲೂ ಇದು ಎಸ್ಪ್ರಿಯ ಗಳಿಕೆಯ ಲೆಕ್ಕಕ್ಕೆ ಸೇರುವಂಥದ್ದಲ್ಲ. ಆದರೆ ಪರಮ್ ಕಥೆ ಹೇಳುವ ನಾವು ಅದನ್ನು ಸೇರಿಸಿಕೊಳ್ಳಬೇಕು.

ಮೂರನೆಯ ಎಳೆ ಹಿಡಿದರೆ ಮ್ಯಾಂಚೆಸ್ಟರ್‌ಗೆ ಹೋಗಬೇಕು. 1985ರಲ್ಲಿ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಅವರ ಜೊತೆಗೂಡಿ ಮೊದಲ ಆರ್ಮ್ ಪ್ರೊಸೆಸರ್ ರೂಪಿಸಿದ ಸ್ಟೀವ್ ಫರ್ಬರ್ 1990ರಲ್ಲಿ ಆ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಎಸ್ಪ್ರಿ ತೆರೆದಿದ್ದ ಮುಕ್ತ ಮೈಕ್ರೊಪ್ರೊಸೆಸರ್ ಉಪಕ್ರಮದ ಹಣದಲ್ಲಿ ಅವರು ಅಮ್ಯುಲೆಟ್ ಎಂಬ ಚಿಪ್ ಮಾಡಿದರು. ಗಡಿಯಾರದ ತಾಳವಿಲ್ಲದೆ, ಕೆಲಸವಿದ್ದಾಗ ಮಾತ್ರ ವಿದ್ಯುತ್ ಬಳಸಿ ನಡೆಯುವ ಆರ್ಮ್ ಅದು. ಆಗಷ್ಟೇ ಹುಟ್ಟಿ ಕೇಂಬ್ರಿಡ್ಜ್ ಬಳಿಯ ಕಣಜದ ಕಟ್ಟಡದಲ್ಲಿ ನಡೆಯುತ್ತಿದ್ದ ಆರ್ಮ್ ಕಂಪನಿಗೂ ಆ ಯೋಜನೆಗಳಲ್ಲಿ ಪಾಲು ಸಿಕ್ಕಿತು. ಅಮ್ಯುಲೆಟ್ ಮಾರುಕಟ್ಟೆ ಗೆಲ್ಲಲಿಲ್ಲ. ಆದರೆ ಆ ದಾರಿಯಲ್ಲೇ ಮುಂದುವರಿದ ಫರ್ಬರ್ ತಂಡ ಹತ್ತು ಲಕ್ಷ ಆರ್ಮ್ ಕೋರ್‌ಗಳ ಸ್ಪಿನ್ನೇಕರ್ ಯಂತ್ರ ಕಟ್ಟಿ 2018ರಲ್ಲಿ ಚಾಲೂ ಮಾಡಿತು. ಮಿದುಳಿನ ನರಕೋಶಗಳ ನಡವಳಿಕೆಯನ್ನು ಅನುಕರಿಸುವ ಯಂತ್ರ ಅದು. ಅದರ ಹಣದ ಒಂದು ಭಾಗ ಬಂದದ್ದು ಬ್ರಸೆಲ್ಸ್‌ನಿಂದಲೇ, ಮಾನವ ಮಿದುಳು ಯೋಜನೆಯ ಮೂಲಕ. ಒಬ್ಬ ಸಂಶೋಧಕನ ಹಿಂದೆ ಸಾರ್ವಜನಿಕ ಹಣ ಸುಮಾರು ಮೂರು ದಶಕ ಬಿಡದೆ ನಿಂತ ಇಂಥ ಉದಾಹರಣೆ ಅಪರೂಪ.

ಸೋಲುಗಳನ್ನೂ ಬರೆಯಬೇಕು. ಸಾಫ್ಟ್‌ವೇರ್ ಉಪಕರಣಗಳಿಗೆಲ್ಲ ಒಂದೇ ನೆಲೆಯಾಗಲೆಂದು ಮಾಡಿದ ಪಿಸಿಟಿಇ ಮಾನಕದ ಪಟ್ಟ ಪಡೆದರೂ ಬಳಕೆಗೆ ಬರಲಿಲ್ಲ. ಕಚೇರಿ ದಸ್ತಾವೇಜುಗಳ ಓಡಿಎ ಮಾನಕದ್ದೂ ಅದೇ ಗತಿ; ಅದು ಕಾಗದದ ಮೇಲೆ ಪರಿಪೂರ್ಣವಾಗುವಷ್ಟರಲ್ಲಿ ಜನ ಬೇರೆ ಸಾಫ್ಟ್‌ವೇರಿಗೆ ಹೊಂದಿಕೊಂಡಿದ್ದರು. ಹಣದ ಹೆಚ್ಚಿನ ಪಾಲು ಹನ್ನೆರಡು ದೊಡ್ಡವರಿಗೇ ಹೋಗುತ್ತಿದೆ, ಅರ್ಜಿಯ ಕಾಗದಪತ್ರದ ಹೊರೆಯಲ್ಲಿ ಸಣ್ಣ ಕಂಪನಿಗಳು ಸೋತು ಸುಣ್ಣವಾಗುತ್ತಿವೆ ಎಂಬ ದೂರು ಮೊದಲಿನಿಂದ ಇತ್ತು, ಅದರಲ್ಲಿ ಹುರುಳೂ ಇತ್ತು.

ಕೊನೆಗೆ ಆ ಹನ್ನೆರಡು ಏನಾದವು? ಎಇಜಿ 1985ರಲ್ಲೇ ಡೈಮ್ಲರ್-ಬೆಂಜ್ ಪಾಲಾಯಿತು. ಪ್ಲೆಸಿಯನ್ನು 1989ರಲ್ಲಿ ಜಿಇಸಿ ಮತ್ತು ಸೀಮೆನ್ಸ್ ಸೇರಿ ಕೊಂಡವು. ನಿಕ್ಸ್‌ಡಾರ್ಫ್ 1990ರಲ್ಲಿ ಸೀಮೆನ್ಸ್ ಒಳಗೆ ಕರಗಿತು. ಅದೇ ವರ್ಷ ಐಸಿಎಲ್‌ನ ಶೇ 80 ಪಾಲು ಜಪಾನಿನ ಫುಜಿತ್ಸು ಕೈಗೆ ಹೋಯಿತು. ಯಾರನ್ನು ಎದುರಿಸಲು ಹೊರಟಿದ್ದರೋ ಅವರೇ ಮನೆಯೊಳಗೆ ಬಂದದ್ದು ಯುರೋಪಿಗೆ ದೊಡ್ಡ ಪೆಟ್ಟು; ಕೆಲವು ಜಂಟಿ ಚಿಪ್ ಯೋಜನೆಗಳಿಂದ ಐಸಿಎಲ್ ಹೊರಬೀಳಬೇಕಾಯಿತು. ಫಿಲಿಪ್ಸ್ 1991ರಲ್ಲಿ ಕಂಪ್ಯೂಟರ್ ವ್ಯಾಪಾರ ಬಿಟ್ಟಿತು. ಯುರೋಪಿನ ಕಂಪ್ಯೂಟರ್ ಕಂಪನಿಗಳನ್ನು ಉಳಿಸುವುದೇ ಗುರಿಯಾಗಿತ್ತೆಂದರೆ ಎಸ್ಪ್ರಿ ಸೋತಿತು ಎನ್ನದೆ ವಿಧಿಯಿಲ್ಲ. ಉಳಿದದ್ದು ಜನ, ಪ್ರಯೋಗಾಲಯ ಮತ್ತು ಒಟ್ಟಿಗೆ ದುಡಿಯುವ ರೂಢಿ. ಎಸ್ಪ್ರಿ ಹುಟ್ಟಿದ ವರ್ಷವೇ ಬೆಲ್ಜಿಯಂನ ಲ್ಯೂವನ್‌ನಲ್ಲಿ ಫ್ಲಾಂಡರ್ಸ್ ಸರ್ಕಾರ ಐಮೆಕ್ ಕೇಂದ್ರ ಕಟ್ಟಿತು, ನೆದರ್ಲೆಂಡ್ಸಿನಲ್ಲಿ ಎಎಸ್‌ಎಂಎಲ್ ಹುಟ್ಟಿತು. ಇಂದು ಅತಿ ಸೂಕ್ಷ್ಮ ಚಿಪ್‌ಗಳನ್ನು ಅಚ್ಚು ಹಾಕುವ ಇಯುವಿ ಯಂತ್ರವನ್ನು ಎಎಸ್‌ಎಂಎಲ್ ಬಿಟ್ಟು ಮಾರುವವರಿಲ್ಲ. ಅದರ ಮೊದಲ ಪ್ರಯೋಗದ ಯಂತ್ರಗಳಲ್ಲಿ ಒಂದು 2006ರಲ್ಲಿ ಹೋದದ್ದು ಐಮೆಕ್‌ಗೆ. ಕಾರ್ಖಾನೆಗಳಲ್ಲಿ ಅದು ಭರದಿಂದ ಕೆಲಸಕ್ಕೆ ಇಳಿಯಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

ಎಸ್ಪ್ರಿ ನಾಲ್ಕು ಹಂತ ಕಂಡಿತು. ಎರಡನೆಯದರಲ್ಲಿ ಸಮುದಾಯದ ಪಾಲು 160 ಕೋಟಿ ಎಕ್ಯುವಿಗೆ ಏರಿತು, ಮೂಲ ಸಂಶೋಧನೆಗೂ ಬಾಗಿಲು ತೆರೆಯಿತು. 1987ರಲ್ಲಿ ಜಾರಿಗೆ ಬಂದ ಏಕ ಯುರೋಪ್ ಕಾಯಿದೆ ಸಂಶೋಧನೆಯನ್ನು ಒಪ್ಪಂದದ ಪಠ್ಯದೊಳಗೇ ಸೇರಿಸಿ, ಅಲ್ಲಿಯವರೆಗೆ ಬೇರೆ ಕಲಮುಗಳ ನೆರಳಿನಲ್ಲಿದ್ದ ಕೆಲಸಕ್ಕೆ ಗಟ್ಟಿ ನೆಲ ಕೊಟ್ಟಿತು. 1998ರಲ್ಲಿ ಎಸ್ಪ್ರಿ ಹೆಸರು ಮುಗಿದು, 360 ಕೋಟಿ ಯೂರೊಗಳ ಮಾಹಿತಿ ಸಮಾಜ ತಂತ್ರಜ್ಞಾನ ಕಾರ್ಯಕ್ರಮದಲ್ಲಿ ಸೇರಿಹೋಯಿತು. ಆಮೇಲಿನ ಚೌಕಟ್ಟು ಕಾರ್ಯಕ್ರಮಗಳ ಸಾಲು ಉದ್ದವಾಗಿದೆ. 2021ರಿಂದ 2027ರವರೆಗಿನ ಹೊರೈಜನ್ ಯುರೋಪ್‌ನ ಒಟ್ಟು ಮೊತ್ತವನ್ನು ಮೊದಲಿಗೆ ಸುಮಾರು 9,550 ಕೋಟಿ ಯೂರೊ ಎಂದು ಗೊತ್ತುಮಾಡಲಾಗಿತ್ತು, ಮಾಹಿತಿ ತಂತ್ರಜ್ಞಾನ ಅದರೊಳಗಿನ ಒಂದು ಭಾಗ.

ಹೆಸರು ಬದಲಾದರೂ ಕಟ್ಟಳೆ ಹೋಗಲಿಲ್ಲ, ಬಿಗಿಯಾಯಿತು. ಈಗ ಸಾಮಾನ್ಯ ಜಂಟಿ ಯೋಜನೆಗೆ ಮೂರು ಬೇರೆ ದೇಶಗಳ ಮೂರು ಸಂಸ್ಥೆಗಳು ಬೇಕು. ಅರ್ಧರ್ಧದ ಲೆಕ್ಕವೂ ದೊಡ್ಡ ಕಾಮಗಾರಿಗಳಲ್ಲಿ ಉಳಿದಿದೆ. ಜರ್ಮನಿಯ ಯೂಲಿಶ್‌ನಲ್ಲಿ 2025ರಲ್ಲಿ ಉದ್ಘಾಟನೆಯಾದ ಜುಪಿಟರ್ ಸೂಪರ್‌ಕಂಪ್ಯೂಟರ್‌ಗೆ 50 ಕೋಟಿ ಯೂರೊ ಹಿಡಿಯಿತು. ಅರ್ಧ ಯುರೋಪಿನ ಜಂಟಿ ಸಂಸ್ಥೆಯದ್ದು, ಉಳಿದರ್ಧವನ್ನು ಜರ್ಮನಿಯ ಕೇಂದ್ರ ಸರ್ಕಾರ ಮತ್ತು ಆ ರಾಜ್ಯದ ಸರ್ಕಾರ ಸಮವಾಗಿ ಹಂಚಿಕೊಂಡವು.

ಭಾರತ ಮತ್ತು ಯುರೋಪಿನ ನಡುವೆ 2001ರಲ್ಲೇ ವಿಜ್ಞಾನ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಬಿದ್ದಿದೆ. ನಮ್ಮ ಸಂಸ್ಥೆಗಳು ಹೊರೈಜನ್ ಯೋಜನೆಗಳಲ್ಲಿ ಪಾಲುದಾರರಾಗಬಹುದು, ಆದರೆ ಸಾಮಾನ್ಯವಾಗಿ ತಮ್ಮ ಪಾಲಿನ ಹಣವನ್ನು ತಾವೇ ಹೊಂದಿಸಿಕೊಳ್ಳಬೇಕು. ನ್ಯೂಜಿಲೆಂಡ್, ಕೆನಡಾ, ದಕ್ಷಿಣ ಕೊರಿಯಾ ಈಚೆಗೆ ಒಂದೊಂದಾಗಿ ಸಹಸದಸ್ಯ ದೇಶಗಳಾಗಿ, ತಮ್ಮ ಹಣ ಹಾಕಿ, ಅದರ ಒಂದು ವಿಭಾಗದಲ್ಲಿ ಯುರೋಪಿನವರ ಸರಿಸಮಾನರಾಗಿ ಅರ್ಜಿ ಹಾಕುವ ಹಕ್ಕು ಪಡೆದಿವೆ. ಬೆಂಗಳೂರಿನ ಪ್ರಯೋಗಾಲಯಗಳಿಗೂ ಆ ಹಕ್ಕು ಸಿಗಬೇಕು. ಅದಕ್ಕಾಗಿ ದೆಹಲಿ ಹಣ ಹಾಕುವುದು ಹೊರೆಯಲ್ಲವೆಂದು ನನ್ನ ಖಚಿತ ಅಭಿಪ್ರಾಯ.